ನೊಬೆಲ್ ದತ್ತಿ: ಉಯಿಲಿನ ಕಥೆಯೂ ತಿಳಿಯಲಿ

ಮಾನ್ಯರೇ,

ನೊಬೆಲ್ ಪ್ರಶಸ್ತಿಯ ವರದಿಗಳು ವಿಜೇತರ ಪರಿಚಯಕ್ಕೇ ನಿಲ್ಲುತ್ತವೆ. ಆ ದತ್ತಿ ಉಳಿದು ಬಂದ ಬಗೆಯನ್ನೂ ಓದುಗರಿಗೆ ತಿಳಿಸಬೇಕು.

ಡೈನಮೈಟ್ ಕಂಡುಹಿಡಿದ ಆಲ್ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ಪ್ಯಾರಿಸ್‌ನಲ್ಲಿ ಸಹಿ ಹಾಕಿದ ಉಯಿಲನ್ನು ವಕೀಲರ ನೆರವಿಲ್ಲದೆ ಬರೆದಿದ್ದರು. ಸ್ವೀಡನ್ನಿನ ನಾಣ್ಯವಾದ ಕ್ರೋನರ್‌ನಲ್ಲಿ ಮೂರು ಕೋಟಿಗೂ ಮಿಕ್ಕ ಹಣವನ್ನು ಬಹುಮಾನಗಳಿಗೆ ಬಿಟ್ಟರು, ಆದರೆ ಆ ಹಣ ಪಡೆಯಬೇಕಾದ ಪ್ರತಿಷ್ಠಾನವೇ ಆಗ ಇರಲಿಲ್ಲ. ಆಯ್ಕೆಯ ಹೊಣೆ ಹೊರಬೇಕಾದ ಸಂಸ್ಥೆಗಳನ್ನೂ ಮೊದಲೇ ಕೇಳಿರಲಿಲ್ಲ. ಬಂಧುಗಳು ತಕರಾರು ತೆಗೆದರು. ಉಯಿಲು ಜಾರಿಯ ಹೊಣೆ ಹೊತ್ತ ಯುವ ಎಂಜಿನಿಯರ್ ರಾಗ್ನರ್ ಸೋಲ್ಮನ್ ಎಲ್ಲರನ್ನೂ ಒಪ್ಪಿಸಿ, ನಿಯಮಾವಳಿ ಸಿದ್ಧವಾಗುವ ಹೊತ್ತಿಗೆ 1900 ಬಂತು.

'ಸುರಕ್ಷಿತ ಪತ್ರಗಳಲ್ಲಿ' ಹಣ ತೊಡಗಿಸಬೇಕೆಂಬ ಉಯಿಲಿನ ಒಂದೇ ಮಾತು ಹೂಡಿಕೆಯನ್ನು ಬಹುತೇಕ ಸಾಲಪತ್ರಗಳಿಗೆ (ಬಾಂಡ್) ಕಟ್ಟಿಹಾಕಿತು. ಜೊತೆಗೆ ಭಾರೀ ತೆರಿಗೆ. 1901ರಲ್ಲಿ 1,50,782 ಕ್ರೋನರ್ ಇದ್ದ ಬಹುಮಾನ 1923ರಲ್ಲಿ 1,14,935ಕ್ಕೆ ಇಳಿಯಿತು. 1946ರ ತೆರಿಗೆ ವಿನಾಯಿತಿ, 1953ರಲ್ಲಿ ಷೇರುಗಳಲ್ಲಿ ಹೂಡಲು ಸಿಕ್ಕ ಅನುಮತಿಯಿಂದಲೇ ನಿಧಿ ಚೇತರಿಸಿಕೊಂಡಿತು. ವರ್ಷದ ಆದಾಯದ ಹತ್ತರಲ್ಲೊಂದು ಪಾಲನ್ನಾದರೂ ಮೂಲಧನಕ್ಕೆ ಸೇರಿಸಬೇಕೆಂಬ ನಿಯಮ ಮೊದಲಿನಿಂದಲೂ ಇದ್ದದ್ದು ಬಹಳ ದೊಡ್ಡ ಮುಂದಾಲೋಚನೆ.

ನಮ್ಮಲ್ಲಿ ದತ್ತಿ ಪದಕ, ವಿದ್ಯಾರ್ಥಿವೇತನ ಸ್ಥಾಪಿಸುವವರು ಮೂರು ಕೆಲಸ ತಪ್ಪದೆ ಮಾಡಲಿ: ಸಂಸ್ಥೆಯ ಲಿಖಿತ ಒಪ್ಪಿಗೆ ಮೊದಲೇ ಪಡೆಯಲಿ, ಬಡ್ಡಿಯ ಒಂದು ಪಾಲು ಪ್ರತಿವರ್ಷ ಮೂಲಧನಕ್ಕೆ ಸೇರುವಂತೆ ಬರೆಯಲಿ, ಕಾಲಕ್ಕೆ ತಕ್ಕಂತೆ ಹೂಡಿಕೆ ಬದಲಿಸುವ ಅಧಿಕಾರವನ್ನು ಧರ್ಮದರ್ಶಿಗಳಿಗೆ ಕೊಡಲಿ.