ಅಡಿಕೆ ಲೆಕ್ಕದ ಪುಸ್ತಕದಲ್ಲಿ ಅಳಿಯನ ಲೆಕ್ಕ

ಮಾನ್ಯ ಸಂಪಾದಕರೇ,

ನನ್ನ ತಂಗಿಯ ಮಗನಿಗೆ ಈ ಮಾರ್ಚ್‌ಗೆ ಎರಡು ವರ್ಷ ತುಂಬಿತು. ಅವನು ಹುಟ್ಟಿದ ದಿನದಿಂದ ಅವನ ವಿಷಯ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದೇನೆ. ಈ ಪುಸ್ತಕ ನಮ್ಮ ಮನೆಗೆ ಎಷ್ಟು ಉಪಯೋಗಕ್ಕೆ ಬಂತು ಅಂತ ನಾಲ್ಕು ಜನರಿಗೆ ಹೇಳಬೇಕು ಅನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿ. ಭಾವನ ಕೆಲಸ ಬೆಂಗಳೂರಿನಲ್ಲಿ. ತಂಗಿ ಬಾಣಂತನಕ್ಕೆ ಬಂದವಳು ಸುಗ್ಗಿ ಮುಗಿಯುವ ತನಕ, ಅಂದರೆ ಮಗುವಿಗೆ ಹತ್ತು ತಿಂಗಳಾಗುವವರೆಗೆ ನಮ್ಮಲ್ಲೇ ಇದ್ದಳು. ಮಗು ಹುಟ್ಟಿದ ರಾತ್ರಿ ಕೈಗೆ ಸಿಕ್ಕಿದ್ದು ಅಡಿಕೆ ಲೆಕ್ಕದ ಪುಸ್ತಕ. ಮುಂದಿನ ಹಾಳೆಗಳಲ್ಲಿ ಯಾರು ಎಷ್ಟು ಡಬ್ಬ ಸುಲಿದರು ಅನ್ನುವ ಲೆಕ್ಕ ಇತ್ತು. ಪುಸ್ತಕ ತಿರುಗಿಸಿ ಹಿಂದಿನ ಹಾಳೆಯಲ್ಲಿ ತಾರೀಕು, ಹೊತ್ತು, 2 ಕೆಜಿ 700 ಗ್ರಾಂ ಅಂತ ಬರೆದೆ. ಅಲ್ಲಿಂದ ಶುರು.

ಮೊದಲ ತಿಂಗಳಲ್ಲಿ ಬರೆಯುವುದಕ್ಕೆ ಏನಿರುತ್ತೆ ಅಂತ ಎಲ್ಲರೂ ಕೇಳಿದರು. ತುಂಬಾ ಇತ್ತು. ಹದಿಮೂರನೇ ದಿನ ಬರೆದಿದ್ದೇನೆ: 'ಜೋರಾಗಿ ಅಳುತ್ತಾನೆ, ಕಣ್ಣಲ್ಲಿ ನೀರಿಲ್ಲ.' ಅಮ್ಮನನ್ನು ಕೇಳಿದೆ. ಹಸುಗೂಸಿಗೆ ಮೊದಲ ಕೆಲವು ವಾರ ಅಳುವಾಗ ಕಣ್ಣೀರು ಬರಲ್ಲ ಅಂದಳು. ಮೂವತ್ತೈದು ವರ್ಷದಿಂದ ಈ ಭೂಮಿ ಮೇಲಿದ್ದೇನೆ, ಈ ಒಂದು ವಿಷಯ ನನಗೆ ಗೊತ್ತಿರಲಿಲ್ಲ. ಏಳನೇ ವಾರದಲ್ಲಿ ನನ್ನ ಮುಖ ನೋಡಿ ನಕ್ಕ. ನಿದ್ದೆಯಲ್ಲಿ ನಗುವ ನಗು ಬೇರೆ, ಕಣ್ಣಿಗೆ ಕಣ್ಣಿಟ್ಟು ನಗುವ ನಗು ಬೇರೆ. ಅದನ್ನು ಕಂಡವರಿಗೆ ಗೊತ್ತು. ಆ ದಿನದ ಹಾಳೆಯಲ್ಲಿ ಬೇರೇನೂ ಬರೆದಿಲ್ಲ.

ಎರಡೂವರೆ ತಿಂಗಳಲ್ಲಿ ಒಂದು ಸಣ್ಣ ಜಗಳವೂ ಪುಸ್ತಕಕ್ಕೆ ಬಂತು. ಬಜೆ ತೇದು ನೆಕ್ಕಿಸಿದರೆ ಮಾತು ಬೇಗ ಬರುತ್ತದೆ ಅಂತ ನಮ್ಮಜ್ಜಿ ಹಟ ಹಿಡಿದರು. ಚುಚ್ಚುಮದ್ದಿನ ದಿನ ನೆನಪಿಸಲು ಬಂದಿದ್ದ ಆಶಾ ಅಕ್ಕ ಅಲ್ಲೇ ಜಗಲಿ ಮೇಲೆ ಕೂತು, ಆರು ತಿಂಗಳು ತುಂಬುವ ತನಕ ತಾಯಿ ಹಾಲು ಬಿಟ್ಟು ಏನೂ ಬೇಡ ಅಜ್ಜಿ, ನೀರೂ ಬೇಡ ಅಂತ ನಿಧಾನಕ್ಕೆ ಹೇಳಿದರು. ಅಜ್ಜಿ ಒಪ್ಪಿದರು. ಆರು ತಿಂಗಳಾದ ಮೇಲೆ ಮೊದಲ ಚಮಚ ರಾಗಿ ಮಣ್ಣಿ ತಿನ್ನಿಸಿದ್ದು ಅಜ್ಜಿಯೇ. ನಾಲಿಗೆಯಲ್ಲಿ ಅರ್ಧ ಹೊರಗೆ ತಳ್ಳಿದ, ಅರ್ಧ ನುಂಗಿದ. ಅಷ್ಟೊತ್ತಿಗೆ ಅವನ ತೂಕ ಹುಟ್ಟಿದಾಗಿನ ಎರಡರಷ್ಟು ದಾಟಿತ್ತು.

ಮಳೆಗಾಲ ಪೂರ್ತಿ ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಅವನ ಬಟ್ಟೆ ಒಣಗಿಸಿದ್ದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಬೋರಲು ಬಿದ್ದಿದ್ದು ಆ ಮಳೆಯಲ್ಲೇ. ಕೂತಿದ್ದು ಭೂಮಿ ಹುಣ್ಣಿಮೆ ದಿನ, ಏಳು ತಿಂಗಳಿಗೆ. ಗದ್ದೆಗೆ ಹೊರಟಿದ್ದ ಭೂಮಣ್ಣಿ ಬುಟ್ಟಿಯ ಪಕ್ಕ ಬಿಟ್ಟಿದ್ದೆವು, ಕೈ ಊರದೆ ಕೂತೇಬಿಟ್ಟ. ನಮ್ಮ ಹಿರಿಯರು ಇದನ್ನೆಲ್ಲ ಹೀಗೇ ನೆನಪಿಟ್ಟುಕೊಂಡಿದ್ದು ಅಲ್ವಾ? ನಾನು ಯಾವಾಗ ನಡೆದೆ ಅಂದರೆ ಅಮ್ಮ 'ನೂಲ ಹುಣ್ಣಿಮೆ ಕಳೆದ ಮೇಲೆ' ಅನ್ನುತ್ತಾಳೆ. ತಂಗಿಯದು ಕೇಳಿದರೆ ಸ್ವಲ್ಪ ಯೋಚಿಸುತ್ತಾಳೆ, ಯಾವ ವರ್ಷದ ಹುಣ್ಣಿಮೆ ಅನ್ನುವುದು ಕಲಸಿಹೋಗುತ್ತದೆ. ಬರೆದಿಟ್ಟರೆ ಕಲಸುವುದಿಲ್ಲ.

ಡಿಸೆಂಬರಿನಲ್ಲಿ ಮನೆ ತುಂಬಾ ಅಡಿಕೆ ಸುಲಿಯುವವರು. ಒಂದು ಸಂಜೆ ಜಗಲಿಯ ಮೂಲೆಯಲ್ಲಿ ಬಿದ್ದಿದ್ದ ಅಡಿಕೆ ಚೂರನ್ನು ಅವನು ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಹಿಡಿದು ಎತ್ತಿದ. ಅದಕ್ಕಿಂತ ಮುಂಚೆ ಏನು ಸಿಕ್ಕರೂ ಪೂರ್ತಿ ಅಂಗೈಯಲ್ಲಿ ಬಾಚುತ್ತಿದ್ದ. ಎತ್ತಿದವನು ನೇರ ಬಾಯಿಗೆ ಒಯ್ದ. ಮೆಟ್ಟುಗತ್ತಿ ಬಿಟ್ಟು ಎದ್ದು ಓಡಿದೆ. ಚೂರು ಹೊರಗೆ ಬಂತು, ಮಗುವಿಗೆ ಏನೂ ಆಗಲಿಲ್ಲ. ಆದರೆ ಆ ದಿನದಿಂದ ಮಗು ಇದ್ದಾಗ ಜಗಲಿಯಲ್ಲಿ ಸುಲಿಯುವುದನ್ನು ನಿಲ್ಲಿಸಿ ಅಂಗಳದ ಚಪ್ಪರಕ್ಕೆ ಹಾಕಿದೆವು. ಅಡಿಕೆ ಮನೆಗಳಲ್ಲಿ ಒಂಬತ್ತು ಹತ್ತು ತಿಂಗಳ ಮಗು ಇದ್ದರೆ ದಯವಿಟ್ಟು ಇದೊಂದು ಗಮನಿಸಿ. ಬೆರಳು ಚುರುಕಾಗುವುದು ಆಗಲೇ, ಗಂಟಲಿಗೆ ಸಿಕ್ಕಿಕೊಳ್ಳುವ ಅಪಾಯವೂ ಆಗಲೇ.

ನಾನು ಹೇಳಬೇಕೆಂದಿದ್ದ ಮುಖ್ಯ ವಿಷಯ ಇನ್ನು ಬರುತ್ತದೆ.

ನಮ್ಮ ಪುಟ್ಟ ಅಂಬೆಗಾಲು ಇಡಲೇ ಇಲ್ಲ. ಕೂತಲ್ಲಿಂದಲೇ ಒಂದು ಕೈ ನೆಲಕ್ಕೆ ಊರಿ ಕುಂಡೆ ಜಾರಿಸಿಕೊಂಡು ಮನೆಯೆಲ್ಲ ಸುತ್ತುತ್ತಿದ್ದ. ಬೆಂಗಳೂರಿಗೆ ಹೋದ ಮೇಲೂ ಹಾಗೇ. ವರ್ಷ ತುಂಬಿತು, ಹದಿಮೂರು, ಹದಿನಾಲ್ಕು ತಿಂಗಳಾಯಿತು, ನಡೆಯಲಿಲ್ಲ. ಕಂಡವರೆಲ್ಲ ಇನ್ನೂ ನಡೆದಿಲ್ವಾ, ನಮ್ಮ ಮಗು ಹತ್ತು ತಿಂಗಳಿಗೇ ಓಡ್ತಿತ್ತು ಅನ್ನುವವರೇ. ಒಂದು ರಾತ್ರಿ ತಂಗಿ ಫೋನ್ ಮಾಡಿ ಅತ್ತಳು. ನನ್ನಿಂದಲೇ ಏನೋ ತಪ್ಪಾಗಿದೆ ಅಣ್ಣ ಅಂದಳು. ನನಗೆ ಸಮಾಧಾನ ಹೇಳಲು ಮಾತು ಬರಲಿಲ್ಲ. ಪುಸ್ತಕ ತೆಗೆದು ಸುಮ್ನೆ ಓದುತ್ತಾ ಹೋದೆ. ಏಳಕ್ಕೆ ಕೂತ. ಒಂಬತ್ತಕ್ಕೆ ಚೂರು ಎತ್ತಿದ. ಹತ್ತಕ್ಕೆ ಜಾರಲು ಶುರು ಮಾಡಿದ, ಟಾಟಾ ಮಾಡಿದ. ಹನ್ನೆರಡಕ್ಕೆ ಮಂಚ ಹಿಡಿದು ಎದ್ದು ನಿಂತ ಅಂತ ನೀನೇ ಫೋನಿನಲ್ಲಿ ಬರೆಸಿದ್ದೆ. ಹದಿಮೂರಕ್ಕೆ ಮಂಚ ಹಿಡಿದು ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟ. ಒಂದು ತಿಂಗಳೂ ಖಾಲಿ ಇಲ್ಲ ನೋಡು ಅಂದೆ. ಆ ಕಡೆ ಅಳು ನಿಂತಿತ್ತು.

ಆ ಹಾಳೆಗಳ ಫೋಟೋ ಕಳಿಸಿದೆ. ಮರುದಿನ ಮಕ್ಕಳ ಡಾಕ್ಟರು ಕೇಳಿದ್ದೂ ಇದೇ ಪ್ರಶ್ನೆಗಳಂತೆ. ಯಾವಾಗ ಕೂತ, ಯಾವಾಗ ಹಿಡಿದು ನಿಂತ, ಬಂದಿದ್ದ ಯಾವುದಾದರೂ ಕಲಿಕೆ ಮರೆತುಹೋಯಿತಾ. ತಂಗಿ ಫೋಟೋ ತೋರಿಸಿದಳು. ಡಾಕ್ಟರು ಕೈಕಾಲು ಪರೀಕ್ಷಿಸಿ, ಕುಂಡೆ ಜಾರಿಸುವ ಮಕ್ಕಳು ನಡೆಯುವುದು ಸಾಮಾನ್ಯವಾಗಿ ಸ್ವಲ್ಪ ತಡ, ಹದಿನೆಂಟು ತಿಂಗಳಾದರೂ ನಡೆಯದಿದ್ದರೆ ಮತ್ತೆ ಬನ್ನಿ ಅಂದರು. ಆಮೇಲೆ ನಾನೂ ಓದಿದೆ. ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ 816 ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಆರೋಗ್ಯವಂತ ಮಕ್ಕಳು ತಾವಾಗಿ ನಡೆಯುವ ಕಾಲ ಸುಮಾರು 8 ತಿಂಗಳಿಂದ 17 ತಿಂಗಳು ದಾಟುವವರೆಗೂ ಹರಡಿದೆ. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಟ್ಟೇ ಇರಲಿಲ್ಲ. ಇದು ಮೊದಲೇ ಗೊತ್ತಿದ್ದರೆ ನನ್ನ ತಂಗಿ ಅಷ್ಟು ರಾತ್ರಿ ನಿದ್ದೆಗೆಡುತ್ತಿರಲಿಲ್ಲ.

ತಡವಾದರೂ ಪರವಾಗಿಲ್ಲ ಅಂತ ಎಲ್ಲರೂ ಸುಮ್ಮನೆ ಕೂರಿ ಎಂದು ನಾನು ಹೇಳುತ್ತಿಲ್ಲ. ಶಬ್ದಕ್ಕೆ ತಿರುಗದ ಮಗು, ಕಣ್ಣಿಗೆ ಕಣ್ಣು ಕೊಡದ ಮಗು, ಕಲಿತಿದ್ದನ್ನು ಬಿಟ್ಟುಬಿಟ್ಟ ಮಗು ಇದ್ದರೆ ಒಂದು ವಾರವೂ ಕಾಯಬಾರದು. ಆ ವ್ಯತ್ಯಾಸ ತಿಳಿಯಬೇಕಾದರೂ ಬರೆದಿಟ್ಟ ತಾರೀಕು ಬೇಕು.

ಕಳೆದ ವರ್ಷ ಪುನರ್ವಸು ಮಳೆಯಲ್ಲಿ ತಂಗಿ ಊರಿಗೆ ಬಂದಿದ್ದಳು. ಹೊರಗೆ ಧೋ ಅಂತ ಸುರಿಯುತ್ತಿತ್ತು. ಜಗಲಿ ಕಂಬ ಹಿಡಿದು ನಿಂತಿದ್ದವನು ಮಳೆ ನೋಡುತ್ತಾ ನೋಡುತ್ತಾ ಕಂಬ ಬಿಟ್ಟ. 'ಮಯೆ' ಅಂದ. ನಾಲ್ಕು ಹೆಜ್ಜೆ ಇಟ್ಟು ನನ್ನ ಮಡಿಲಿಗೆ ಬಿದ್ದ. ಹದಿನಾರು ತಿಂಗಳು. ಮರುದಿನ ಹೊಸಿಲು ದಾಟಿದ, ಅಮ್ಮ ಹೊಸಿಲಿಗೆ ಅರಿಶಿನ ಕುಂಕುಮ ಇಟ್ಟು ಪಾಯಸ ಮಾಡಿದಳು. ನವೆಂಬರಿನಲ್ಲಿ ಎರಡು ಪದ ಜೋಡಿಸಿದ. 'ಮಯೆ ಓತು.' ಆ ದಿನ ನಿಜವಾಗಿಯೂ ಮಳೆ ಹೋಗಿ ಬಿಸಿಲು ಬಂದಿತ್ತು.

ಚಾರ್ಲ್ಸ್ ಡಾರ್ವಿನ್ 1839ರಲ್ಲಿ ಹುಟ್ಟಿದ ತನ್ನ ಮೊದಲ ಮಗನ ಬಗ್ಗೆ ಹೀಗೇ ದಿನಚರಿ ಬರೆದಿಟ್ಟು, 1877ರಲ್ಲಿ ಅದನ್ನು ಪ್ರಕಟಿಸಿದ್ದ. ಅಷ್ಟು ದೊಡ್ಡ ವಿಜ್ಞಾನಿಗೆ ಇದು ಮುಖ್ಯ ಅನಿಸಿದ್ದರೆ ನಮಗೂ ಅನಿಸಬಹುದು. ತಾಯಂದಿರಿಗೆ ಆ ದಿನಗಳಲ್ಲಿ ನಿದ್ದೆಯೇ ಇರಲ್ಲ, ಬರೆಯಿರಿ ಅಂದರೆ ಕಷ್ಟ. ಮಾವಂದಿರು, ಚಿಕ್ಕಪ್ಪಂದಿರು, ಅಜ್ಜಂದಿರು ಬರೆಯಲಿ. ದಿನಾ ಬೇಕಾಗಿಲ್ಲ, ವಾರಕ್ಕೆ ಎರಡು ಸಾಲು ಸಾಕು.

ಇನ್ನೊಂದು ಕೋರಿಕೆ ಇದೆ. ತಾಯಿ ಕಾರ್ಡಿನಲ್ಲಿ ಯಾವ ತಿಂಗಳಲ್ಲಿ ಮಗು ಏನು ಮಾಡಬೇಕು ಅಂತ ಚಿತ್ರ ಸಮೇತ ಇರುತ್ತದೆ. ನಮ್ಮ ಮನೆಯಲ್ಲಿ ಚುಚ್ಚುಮದ್ದಿನ ಹಾಳೆ ಬಿಟ್ಟು ಬೇರೆ ಹಾಳೆ ತಿರುಗಿಸಿದ್ದೇ ಇಲ್ಲ. ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಶುರುವಾಗಿದ್ದು, ಕರ್ನಾಟಕದಲ್ಲಿ ಮೊದಲು ಬಂದಿದ್ದು ತಿ. ನರಸೀಪುರಕ್ಕೆ. ಐವತ್ತು ವರ್ಷ ದಾಟಿದ ಈ ಹೊತ್ತಿನಲ್ಲಿ ಪ್ರತಿ ತಾಯಿ ಕಾರ್ಡಿನ ಜೊತೆ ಒಂದು ನಲವತ್ತು ಹಾಳೆಯ ನೋಟ್‌ಬುಕ್ ಕೊಟ್ಟರೆ, ತೂಕ ನೋಡುವ ದಿನ ಟೀಚರು ಅದನ್ನೂ ಒಮ್ಮೆ ತಿರುಗಿಸಿ ನೋಡಿದರೆ, ಖರ್ಚು ಎಷ್ಟು ಮಹಾ? ಸಂಬಂಧಪಟ್ಟವರ ಗಮನಕ್ಕೆ ಇದನ್ನು ತರಬೇಕಾಗಿ ವಿನಂತಿ.

ನನ್ನ ಪುಸ್ತಕದಲ್ಲಿ ಹಿಂದಿನಿಂದ ಬಂದ ಅಳಿಯನ ಲೆಕ್ಕ ಮುಂದಿನಿಂದ ಬಂದ ಅಡಿಕೆ ಲೆಕ್ಕವನ್ನು ಮುಟ್ಟಿದೆ. ಹೊಸದು ತರಲು ನಾಳೆ ತೀರ್ಥಹಳ್ಳಿ ಪೇಟೆಗೆ ಹೋಗುತ್ತಿದ್ದೇನೆ.

ಇತಿ,
ಒಬ್ಬ ಸೋದರಮಾವ
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ