ಬಿರುಕು ಮುಚ್ಚುವ ಮುನ್ನ

ಕ್ರೈಸ್ಟ್‌ಚರ್ಚ್, ನ್ಯೂಜಿಲೆಂಡ್

ಪ್ರೀತಿಯ ತಂಗಿಗೆ ಅಕ್ಕನ ಆಶೀರ್ವಾದಗಳು. ಉಭಯ ಕುಶಲೋಪರಿ.

ವಿಕೋಪದ ನಂತರ ನೆಲದ ಸಮೀಕ್ಷೆಗೆ ಹೋಗುವ ತಂಡಕ್ಕೆ ನೀನು ಸೇರಿದ ಸುದ್ದಿ ಅಮ್ಮ ಫೋನಿನಲ್ಲಿ ಹೇಳಿದಳು. ಮೊದಲು ಯಾವ ಕೆಲಸಕ್ಕೆ ಕೈ ಹಾಕಬೇಕು ಅಂತ ಕೇಳಿದ್ದೀಯಲ್ಲ, ಅದನ್ನೇ ವಿವರವಾಗಿ ಬರೆಯುತ್ತೇನೆ.

ಬೋರ್‌ಹೋಲ್ ಕೊರೆಯುವುದು, ಶಂಕುವನ್ನು ನೆಲಕ್ಕೆ ಒತ್ತಿ ಮಣ್ಣಿನ ಗಟ್ಟಿತನ ನೋಡುವ ಕೋನ್ ಪೆನೆಟ್ರೇಷನ್ ಪರೀಕ್ಷೆ, ಸುತ್ತಿಗೆ ಹೊಡೆದು ನೆಲದ ಕಂಪನ ಹಿಡಿಯುವ ಜಿಯೋಫೋನ್‌ಗಳಿಂದ ಅಲೆಯ ವೇಗ ಅಳೆಯುವುದು, ಇವೆಲ್ಲ ಆರು ತಿಂಗಳು ಬಿಟ್ಟು ಮಾಡಿದರೂ ನಡೆದೀತು. ನೆಲದ ಮೇಲಿನ ಬಿರುಕು, ಉಕ್ಕಿ ಬಂದ ಮರಳು, ಗೋಡೆಯ ಮೇಲಿನ ಕೆಸರಿನ ಗುರುತು ಒಂದೇ ಮಳೆಗೆ ಅಳಿಸಿಹೋಗುತ್ತವೆ. ಮಳೆ ಬಾರದಿದ್ದರೆ ಜೆಸಿಬಿ ಬರುತ್ತದೆ. 2011ರ ಫೆಬ್ರವರಿ 22ರ ಭೂಕಂಪದ ನಂತರ ಈ ಊರಿನಲ್ಲಿ ಸಾವಿರಾರು ವಿದ್ಯಾರ್ಥಿಗಳು ಸಲಿಕೆ ಹಿಡಿದು ಬೀದಿ ಬೀದಿಯ ಹೂಳು ಎತ್ತಿದರು. ಆಗಲೇಬೇಕಾದ ಕೆಲಸ ಅದು, ಯಾರೂ ತಡೆಯಬಾರದು. ಅವರ ಸಲಿಕೆಗಿಂತ ಮೊದಲು ನಮ್ಮ ಟೇಪು ತಲುಪಬೇಕು, ಅಷ್ಟೆ. ಎಲ್ಲೆಲ್ಲಿ ಎಷ್ಟು ಮರಳು ಉಕ್ಕಿತೆಂದು 2010ರ ಸೆಪ್ಟೆಂಬರ್ 4ರ ಕಂಪನದಿಂದಲೇ ಗುರುತು ಹಾಕುತ್ತಾ ಬಂದದ್ದಕ್ಕೆ, 2011ರ ಜೂನ್ 13 ಮತ್ತು ಡಿಸೆಂಬರ್ 23ರ ಕಂಪನಗಳಲ್ಲಿ ಅದೇ ಬಡಾವಣೆಗಳ ಮಣ್ಣು ಮತ್ತೆ ಮತ್ತೆ ದ್ರವೀಕರಣಗೊಂಡದ್ದನ್ನು (ನೀರು ತುಂಬಿದ ಮಣ್ಣು ಕಂಪನಕ್ಕೆ ಬಲ ಕಳೆದುಕೊಂಡು ದ್ರವದಂತಾಗುವುದು, ಮರಳು ಉಕ್ಕುವುದೂ ಇದರಿಂದಲೇ) ತೋರಿಸಲು ಸಾಧ್ಯವಾಯಿತು. ಒಮ್ಮೆ ಹಾಗಾದ ಮಣ್ಣು ಕುಳಿತು ಗಟ್ಟಿಯಾಗಿ ಮುಂದೆ ತೊಂದರೆ ಕೊಡದು ಎಂದು ನೆಮ್ಮದಿಯಿಂದಿರುವಂತಿಲ್ಲ.

ನದಿ ಅಥವಾ ಕಾಲುವೆಯ ದಂಡೆ ಇದ್ದರೆ ಮೊದಲ ದಿನವನ್ನು ಬಿರುಕುಗಳಿಗೇ ಇಡು. ದಂಡೆಗೆ ಲಂಬವಾಗಿ ಒಂದು ಗೆರೆ ಹಿಡಿದು, ದಂಡೆಯ ಅಂಚಿನಿಂದ ಒಳನಾಡಿನ ಕಡೆಗೆ ಬಿರುಕು ನಿಲ್ಲುವವರೆಗೂ ನಡೆ. ಪ್ರತಿ ಬಿರುಕಿಗೂ ದಂಡೆಯಿಂದ ದೂರ, ಅಗಲ, ಎರಡು ಬದಿಯ ಮಟ್ಟದ ವ್ಯತ್ಯಾಸ, ಬಿರುಕು ಹಾಯುವ ದಿಕ್ಕು, ಈ ನಾಲ್ಕನ್ನೂ ಬರೆದುಕೊ. ನೆಲ ಅಲುಗದ ಕಡೆಯಿಂದ ದಂಡೆಯ ಕಡೆಗೆ ಅಗಲಗಳನ್ನು ಕೂಡುತ್ತಾ ಬಂದರೆ ನೆಲ ನೀರಿನ ಕಡೆಗೆ ಒಟ್ಟು ಎಷ್ಟು ಸರಿದಿದೆ ಎಂಬುದು ಸಿಗುತ್ತದೆ. ತಪ್ಪಾಗುವುದು ಅಗಲ ಅಳೆಯುವಾಗ. ಬಿರುಕಿನ ತುಟಿ ಉದುರಿ ಬಾಯಿ ಅಗಲವಾಗಿ ಕಾಣುತ್ತದೆ, ಆ ಬಾಯನ್ನೇ ಅಳೆದರೆ ಸರಿತ ಹೆಚ್ಚು ಬರುತ್ತದೆ. ಉದುರಿದ ಭಾಗದ ಕೆಳಗೆ, ಒಂದು ಬದಿಯ ಮೂಲೆಗೆ ಎದುರು ಬದಿಯ ಜೋಡಿ ಮೂಲೆ ಯಾವುದೆಂದು ಹುಡುಕಿ, ಅವೆರಡರ ನಡುವೆ ಅಳೆ. ಬಿರುಕು ಓರೆಯಾಗಿದ್ದರೆ ಗೆರೆಯ ದಿಕ್ಕಿನ ಪಾಲು ಮಾತ್ರ ಲೆಕ್ಕಕ್ಕೆ ಬರಬೇಕು. ಹುಲ್ಲಿನಲ್ಲಿ ಸಣ್ಣ ಬಿರುಕು ಕಣ್ಣಿಗೆ ಬೀಳುವುದಿಲ್ಲ, ಬಿರುಕೇ ಬಿಡದೆ ಹಿಗ್ಗಿದ ನೆಲವೂ ಇರುತ್ತದೆ. ಹಾಗಾಗಿ ನಿನ್ನ ಮೊತ್ತ ನಿಜಕ್ಕಿಂತ ಕಡಿಮೆಯಾಗಿರುವುದೇ ಹೆಚ್ಚು, ಅದನ್ನು ಪುಸ್ತಕದಲ್ಲೇ ಬರೆದಿಡು. ಗೆರೆಯ ಎರಡೂ ತುದಿಯ ಜಿಪಿಎಸ್ ಬಿಂದು ಬೇಕು. ಕೈಯಲ್ಲಿ ಹಿಡಿಯುವ ಜಿಪಿಎಸ್ ಮೂರರಿಂದ ಐದು ಮೀಟರ್ ತಪ್ಪುತ್ತದೆ, ಅದಕ್ಕೇ ಪಕ್ಕದ ಕಂಬಕ್ಕೋ ಕಟ್ಟಡದ ಮೂಲೆಗೋ ಟೇಪಿನಿಂದ ದೂರ ಅಳೆದು ಬರೆದುಕೊ.

ಮರಳು ಉಕ್ಕಿದ ಜಾಗದಲ್ಲಿ ಗುಡ್ಡೆಯ ವ್ಯಾಸ, ದಪ್ಪ, ಬಾಯಿಯ ಅಗಲ ಬರೆದು, ಬಾಯಿಯ ಹತ್ತಿರದಿಂದ ಒಂದು ಮಾದರಿ, ಅಂಚಿನಿಂದ ಇನ್ನೊಂದು ತೆಗೆ. ಒಂದೊಂದು ಕಿಲೋ ಸಾಕು. ಜಿಪ್ ಚೀಲ ಎರಡು ಪದರ ಇರಲಿ. ಚೀಟಿ ಎರಡರ ನಡುವೆ, ಬರಹ ಪೆನ್ಸಿಲ್‌ನಲ್ಲಿ. ಪೆನ್ನಿನ ಮಸಿ ಒದ್ದೆಗೆ ಹರಡಿ ಯಾವ ಚೀಲ ಎಲ್ಲಿಯದೆಂದು ತಿಳಿಯದಂತಾಗುತ್ತದೆ. ಆದರೆ ಉಕ್ಕಿದ ಮಣ್ಣೇ ಕೆಳಗಿನ ಪದರ ಎಂದುಕೊಳ್ಳಬೇಡ. ಬರುವ ದಾರಿಯಲ್ಲಿ ಬೇರೆ ಪದರದ್ದೂ ಬೆರೆಯುತ್ತದೆ, ನಯವಾದ ಕಣ ನೀರಿನ ಜೊತೆ ದೂರ ಹರಿದುಹೋಗುತ್ತದೆ. ನೀರಿನಂಶದ ಪರೀಕ್ಷೆಗಂತೂ ಅದು ಬಾರದು. ಅದಕ್ಕೆ ಕೈ ಆಗರ್‌ನಿಂದ (ಕೈಯಲ್ಲಿ ತಿರುಗಿಸಿ ನೆಲ ಕೊರೆಯುವ ಬೈರಿಗೆ) ತೆಗೆದ ಮಣ್ಣನ್ನೇ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿ ತರಬೇಕು.

ನೀರಿನಂಶಕ್ಕೆ ಇಷ್ಟು ಒತ್ತು ಯಾಕೆಂದರೆ, 1999ರ ಆಗಸ್ಟ್ 17ರ ಕಂಪನದಲ್ಲಿ ಟರ್ಕಿಯ ಅಡಪಜಾರಿಯಲ್ಲಿ ಕಟ್ಟಡಗಳು ಹೂಳುಮಣ್ಣಿನಲ್ಲಿ ಕುಸಿದು ವಾಲಿದವು. ಆಗ ಬಳಕೆಯಲ್ಲಿದ್ದ ‘ಚೀನೀ ಮಾನದಂಡ’ದ ಪ್ರಕಾರ 5 ಮೈಕ್ರಾನ್‌ಗಿಂತ ಸಣ್ಣ ಕಣ ಶೇಕಡಾ 15ಕ್ಕಿಂತ ಹೆಚ್ಚಿದ್ದರೆ ಆ ಮಣ್ಣು ದ್ರವೀಕರಣಗೊಳ್ಳುವ ಭಯವಿಲ್ಲ. ಅಲ್ಲಿ ಸೋತ ಮಣ್ಣಿನ ಎಷ್ಟೋ ಮಾದರಿಗಳು ಆ ಮಿತಿಯನ್ನು ದಾಟಿದ್ದವು. ಮುಂದೆ ಬ್ರೇ ಮತ್ತು ಸಾಂಚಿಯೊ ಎಂಬ ಸಂಶೋಧಕರು ಕಣದ ಗಾತ್ರವನ್ನು ಬದಿಗಿಟ್ಟು, ಪ್ಲಾಸ್ಟಿಸಿಟಿ ಇಂಡೆಕ್ಸ್ (ಮಣ್ಣು ಎಷ್ಟು ನೀರಿನ ವ್ಯಾಪ್ತಿಯಲ್ಲಿ ಜೇಡಿಯಂತೆ ನಾದಲು ಬರುತ್ತದೆ ಎಂಬ ಅಳತೆ) ಮತ್ತು ಲಿಕ್ವಿಡ್ ಲಿಮಿಟ್‌ಗೆ (ಮಣ್ಣು ಹರಿಯತೊಡಗುವ ನೀರಿನಂಶ) ಮಣ್ಣಿನಲ್ಲಿರುವ ನೀರಿನಂಶದ ಅನುಪಾತ ನೋಡಬೇಕೆಂದರು. ಇಂಡೆಕ್ಸ್ 12ಕ್ಕಿಂತ ಕಡಿಮೆ, ಅನುಪಾತ 0.85ಕ್ಕಿಂತ ಹೆಚ್ಚಿದ್ದರೆ ಅಪಾಯ.

ಇನ್ನೊಂದು ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ, ನೀನು ಬಿಡಬೇಡ. ಏನೂ ಆಗದ ಜಾಗವನ್ನೂ ಬರೆ. ವಾಲಿದ ಕಟ್ಟಡದ ಸುತ್ತ ನೂರು ಫೋಟೋ ಬರುತ್ತವೆ, ಎರಡು ಬೀದಿ ಆಚೆ ನೆಟ್ಟಗೆ ನಿಂತದ್ದಕ್ಕೆ ಒಂದೂ ಇರುವುದಿಲ್ಲ. ದ್ರವೀಕರಣ ಆಗುತ್ತದೋ ಇಲ್ಲವೋ ಎಂದು ಹೇಳುವ ಲೆಕ್ಕದ ಚಾರ್ಟಿನ ಗೆರೆಯನ್ನು, 1971ರಲ್ಲಿ ಸೀಡ್ ಮತ್ತು ಇದ್ರಿಸ್ ಎಂಬ ಸಂಶೋಧಕರು ಕೊಟ್ಟ ವಿಧಾನದಿಂದ ಹಿಡಿದು, ಆದ ಮತ್ತು ಆಗದ ಜಾಗಗಳ ನಡುವೆಯೇ ಎಳೆದದ್ದು. ಒಂದೇ ಬದಿಯ ಬಿಂದುಗಳಿಂದ ಆ ಗೆರೆ ಹುಟ್ಟುವುದಿಲ್ಲ. ಆದ್ದರಿಂದ ‘ಇಷ್ಟು ಹೊತ್ತಿಗೆ ಇಲ್ಲಿ ನೋಡಿದೆ, ಬಿರುಕಿಲ್ಲ, ಮರಳಿಲ್ಲ’ ಎಂದು ಫೋಟೋ ಸಮೇತ ದಾಖಲಿಸು. ನೋಡದೆ ಬಿಟ್ಟ ಜಾಗವನ್ನು ಖಾಲಿ ಬಿಡು, ‘ಇಲ್ಲ’ ಎಂದು ತುಂಬಬೇಡ. ಹತ್ತಿರದ ಬಾವಿಗಳ ನೀರಿನ ಮಟ್ಟವನ್ನು ದಿನಾಂಕದೊಡನೆ ಅಳೆದಿಡು, ಅದಿಲ್ಲದೆ ಮುಂದಿನ ಯಾವ ಲೆಕ್ಕವೂ ನಡೆಯದು.

ಫೋಟೋದಲ್ಲಿ ಮೀಟರ್ ಪಟ್ಟಿ ಇರಲಿ, ದೂರದ್ದೊಂದು, ನಡುವಿನದೊಂದು, ಹತ್ತಿರದ್ದೊಂದು. ಬೆಳಿಗ್ಗೆ ಪ್ರತಿ ಕ್ಯಾಮೆರಾದಿಂದಲೂ ಜಿಪಿಎಸ್ ಪರದೆಯ ಗಡಿಯಾರವನ್ನೊಮ್ಮೆ ತೆಗೆ, ಆಗ ಐದು ಜನರ ಫೋಟೋಗಳನ್ನು ಒಂದೇ ಸಮಯಕ್ಕೆ ಹೊಂದಿಸಬಹುದು.

ಡ್ರೋನ್‌ಗೆ ಅನುಮತಿ ಪಡೆದಿರಬೇಕು. ರಕ್ಷಣಾ ಹೆಲಿಕಾಪ್ಟರ್ ಹಾರುವ ಕಡೆ ಏರಿಸಲೇ ಬಾರದು. ಸಾಲಿನುದ್ದಕ್ಕೆ ಶೇಕಡಾ 80, ಪಕ್ಕಪಕ್ಕದ ಸಾಲುಗಳ ನಡುವೆ 70ರಷ್ಟು ಚಿತ್ರ ಒಂದರ ಮೇಲೊಂದು ಬರಲಿ. ಬರೀ ನೇರ ಕೆಳಗೆ ನೋಡುವ ಚಿತ್ರಗಳಾದರೆ ಲೆನ್ಸಿನ ದೋಷದಿಂದ ಮಟ್ಟಸ ನೆಲವೂ ಗುಮ್ಮಟದಂತೆ ಉಬ್ಬಿ ಬರುತ್ತದೆ, ಅದಕ್ಕೇ ಕೆಲವನ್ನು ಓರೆಯಾಗಿ ತೆಗೆ. ನೆಲದಲ್ಲಿ ನಾಲ್ಕು ಮೂಲೆಗೂ ನಡುವಿಗೂ ಗುರುತು ಹಾಸಿ ಅಳೆ, ಬೇರೆ ಒಂದೆರಡನ್ನು ಚಿತ್ರಗಳಿಂದ ಕಟ್ಟುವ ನೆಲದ ಮಾದರಿಗೆ ಸೇರಿಸದೆ ತಾಳೆ ನೋಡಲು ಉಳಿಸಿಕೊ. ದೊಡ್ಡ ಭೂಕಂಪದಲ್ಲಿ ಎತ್ತರದ ಅಳತೆಗೆ ಆಧಾರವಾದ ಬೆಂಚ್‌ಮಾರ್ಕ್ ಕಲ್ಲೇ ಸರಿದಿರುತ್ತದೆ, ಅದರ ಹಳೆಯ ಅಂಕೆಯನ್ನು ನಂಬಬೇಡ. 2016ರಲ್ಲಿ ಇಲ್ಲಿನ ಕೈಕೌರಾ ಕರಾವಳಿ ಕೆಲವೆಡೆ ಮೀಟರ್‌ಗಟ್ಟಲೆ ಮೇಲೆದ್ದಿತು.

ಜನರನ್ನು ಕೇಳುವಾಗ ‘ನೀರು ಚಿಮ್ಮಿತಾ?’ ಎನ್ನಬೇಡ, ‘ಏನು ನೋಡಿದಿರಿ?’ ಎನ್ನು. ಮರಳು ಬಂದದ್ದು ನೆಲ ನಡುಗುವಾಗಲೋ ನಿಂತ ಮೇಲೋ ಎಂಬುದು ಅವರಿಗೆ ಮಾತ್ರ ಗೊತ್ತಿರುತ್ತದೆ. ಸಾವಾದ ಮನೆಯ ಬಾಗಿಲಿಗೆ ಪುಸ್ತಕ ಹಿಡಿದು ಹೋಗಬೇಡ.

ಭೂಕುಸಿತದ ಜಾಗವಾದರೆ ಮೇಲಿನ ಅಂಚಿನ ಹಿಂದೆ ಹೊಸ ಬಿರುಕು ಇದೆಯೇ ಎಂದು ಸುರಕ್ಷಿತ ದಾರಿಯಿಂದ ನೋಡದೆ ಕೆಳಗಿನ ಮಣ್ಣಿಗೆ ಕಾಲಿಡಬೇಡ. ಇದ್ದರೆ ಎರಡೂ ಬದಿಗೆ ಗೂಟ ಹೊಡೆದು ಬೆಳಿಗ್ಗೆ, ಸಂಜೆ ಅಂತರ ಅಳೆಸು. ಅಗಲವಾಗುತ್ತಿದ್ದರೆ ಅಂದಿಗೆ ಅಲ್ಲಿ ಕೆಲಸವಿಲ್ಲ.

ಪ್ರತಿ ರಾತ್ರಿ ಪುಸ್ತಕದ ಪುಟಗಳ ಫೋಟೋ ತೆಗೆದು ಎರಡು ಕಡೆ ಉಳಿಸಿ ಮಲಗು. ಅಪ್ಪ, ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು. ಮೊದಲ ಬಿರುಕಿನ ಗೆರೆ ಅಳೆದ ಮೇಲೆ ಆ ಪುಟವನ್ನು ನನಗೂ ಕಳಿಸು, ಕೂಡಿ ನೋಡುತ್ತೇನೆ.

ಇಂತಿ ನಿನ್ನ ಪ್ರೀತಿಯ
ಅಕ್ಕ