ದೀರ್ಘಾವಧಿ ವೀಸಾ: ತೊಡಕು ಇರುವುದು ನಮ್ಮ ದಾಖಲೆ ಕೊಠಡಿಗಳಲ್ಲಿ

ಮಾನ್ಯ ಸಂಪಾದಕರೇ,

ವಿದೇಶದಲ್ಲಿ ಒಂದೆರಡು ವರ್ಷ ಇದ್ದು ಬರಲು ಬೇಕಾದ ದೀರ್ಘಾವಧಿ ವೀಸಾ ಸಿಗುವುದು ದಿನೇ ದಿನೇ ಕಷ್ಟವಾಗುತ್ತಿದೆ, ದೂತಾವಾಸಗಳು ಸಣ್ಣಪುಟ್ಟ ನೆಪ ತೆಗೆದು ಅರ್ಜಿಗಳನ್ನು ತಿರಸ್ಕರಿಸುತ್ತಿವೆ ಎಂಬ ದೂರು ಪತ್ರಿಕೆಗಳ ಓದುಗರ ಅಂಕಣಗಳಲ್ಲಿ ಆಗಾಗ ಕಾಣಿಸಿಕೊಳ್ಳುತ್ತದೆ. ಆ ದೂರಿನಲ್ಲಿ ಹುರುಳಿಲ್ಲ ಎಂದು ನಾನು ಹೇಳುವುದಿಲ್ಲ. ಆದರೆ ಕಂದಾಯ ಇಲಾಖೆಯಲ್ಲಿ ದುಡಿದು ನಿವೃತ್ತನಾದ ಮೇಲೆ ನೆರೆಹೊರೆಯವರ ಇಂಥ ಅರ್ಜಿಗಳಿಗೆ ಕಾಗದಪತ್ರ ಜೋಡಿಸಿಕೊಡುತ್ತಾ ಬಂದಿರುವ ನನಗೆ ಕಂಡ ಮಟ್ಟಿಗೆ, ಅರ್ಜಿಯು ಬೆಂಗಳೂರಿನ ವೀಸಾ ಕೇಂದ್ರವನ್ನು ತಲುಪುವ ಮೊದಲೇ ಬಹುಪಾಲು ಕಾಲ ಕಳೆದುಹೋಗುವುದು ನಮ್ಮದೇ ತಾಲ್ಲೂಕು ಕಚೇರಿ, ನಗರಸಭೆ ಮತ್ತು ಉಪ ನೋಂದಣಾಧಿಕಾರಿಗಳ ಕಚೇರಿಗಳಲ್ಲಿ. ಈ ಭಾಗದ ಬಗ್ಗೆ ಯಾರೂ ಬರೆಯದಿರುವುದರಿಂದ ನಾನು ಬರೆಯುತ್ತಿದ್ದೇನೆ.

ಮೂರು ತಿಂಗಳೊಳಗಿನ ಪ್ರವಾಸದ ವೀಸಾಕ್ಕೂ ಅದಕ್ಕಿಂತ ಹೆಚ್ಚು ಕಾಲ ನಿಲ್ಲುವ ವೀಸಾಕ್ಕೂ ಇರುವ ವ್ಯತ್ಯಾಸವನ್ನು ಬಹಳ ಮಂದಿ ಗಮನಿಸುವುದಿಲ್ಲ. ಒಂದೇ ವೀಸಾದಲ್ಲಿ ಸುತ್ತಾಡಬಹುದಾದ ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನ ಇದ್ದು ಬರುವವರಿಂದ ಹೋಗುವ ಉದ್ದೇಶವೇನು, ಖರ್ಚಿಗೆ ಹಣವಿದೆಯೇ, ಹಿಂತಿರುಗುವುದು ಖಚಿತವೇ ಎಂಬುದನ್ನು ಮುಖ್ಯವಾಗಿ ಕೇಳುತ್ತಾರೆ. 90 ದಿನ ದಾಟಿತೆಂದರೆ ಅದು ಆಯಾ ದೇಶದ ಸ್ವಂತ ಕಾನೂನಿಗೆ ಒಳಪಟ್ಟ ‘ಡಿ’ ವರ್ಗದ ವೀಸಾ. ಅದರಲ್ಲೂ ಮಕ್ಕಳ ಬಳಿಗೋ ಗಂಡ ಅಥವಾ ಹೆಂಡತಿಯ ಬಳಿಗೋ ಹೋಗುವವರಾದರೆ, ಅರ್ಜಿದಾರರು ಯಾರು, ಯಾರಿಗೆ ಏನಾಗಬೇಕು, ಮದುವೆ ಎಲ್ಲಿ ಯಾವಾಗ ನಡೆಯಿತು ಎಂಬುದಕ್ಕೆಲ್ಲ ಸರ್ಕಾರಿ ದಾಖಲೆ ಬೇಕು. ಕೆನಡಾ ದೇಶವು ತಂದೆತಾಯಿ ಮತ್ತು ಅಜ್ಜಅಜ್ಜಿಯರಿಗಾಗಿ ಕೊಡುವ ‘ಸೂಪರ್ ವೀಸಾ’ ಇದಕ್ಕೆ ಒಳ್ಳೆಯ ಉದಾಹರಣೆ. 2022ರ ಜುಲೈನಿಂದ ಈ ವೀಸಾದ ಮೇಲೆ ಒಮ್ಮೆ ಹೋದವರು ಐದು ವರ್ಷ ಇರಬಹುದು. ಅದಕ್ಕೆ ಪ್ರತಿಯಾಗಿ ಅಲ್ಲಿರುವ ಮಗ ಅಥವಾ ಮಗಳು ಆಹ್ವಾನ ಪತ್ರ ಬರೆದು ಪಾಲನೆಯ ಹೊಣೆ ಹೊರಬೇಕು, ಕುಟುಂಬದ ಗಾತ್ರಕ್ಕೆ ತಕ್ಕ ಆದಾಯ ತೋರಿಸಬೇಕು. ಹೋಗುವವರು ಕನಿಷ್ಠ ಒಂದು ವರ್ಷದ, 1,00,000 ಕೆನಡಾ ಡಾಲರ್ ಮೊತ್ತದ ಆರೋಗ್ಯ ವಿಮೆ ಮಾಡಿಸಿ, ವೈದ್ಯಕೀಯ ತಪಾಸಣೆಗೂ ಒಳಗಾಗಬೇಕು. ಇವೆಲ್ಲ ಹಣ ಮತ್ತು ಸಮಯ ಇದ್ದರೆ ಆಗುವ ಕೆಲಸಗಳು. ಜನ ಸೋಲುವುದು ಇನ್ನೊಂದು ಕಡೆ. ಆ ಮಗ ಅಥವಾ ಮಗಳು ಇವರದೇ ಸಂತಾನ ಎಂಬುದಕ್ಕೆ ತಂದೆತಾಯಿಯ ಹೆಸರಿರುವ ಜನನ ಪ್ರಮಾಣಪತ್ರದಂಥ ದಾಖಲೆ ಕೊಡಬೇಕಲ್ಲ, ಅಲ್ಲಿ.

ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದರ ನಂತರವೂ ಎಷ್ಟೋ ವರ್ಷ ಹಳ್ಳಿಗಳಲ್ಲಿ ಮನೆಯಲ್ಲೇ ಹೆರಿಗೆಯಾದ ಮಕ್ಕಳ ವಿವರ ರಿಜಿಸ್ಟರಿಗೆ ಏರಿದ್ದಕ್ಕಿಂತ ಏರದೆ ಉಳಿದದ್ದೇ ಹೆಚ್ಚು. ಶಾಲೆಗೆ ಸೇರಿಸುವ ದಿನ ಮೇಷ್ಟ್ರು ಕೇಳಿದಾಗ ತೋಚಿದ ತಾರೀಕು ಬರೆಸಿದವರು ನಮ್ಮಲ್ಲಿ ಎಷ್ಟು ಜನ! ಒಂದು ತಲೆಮಾರಿನ ಕನ್ನಡಿಗರಲ್ಲಿ ಅನೇಕರು ಜೂನ್ ಒಂದರಂದೇ ಹುಟ್ಟಿರುವುದು ಗ್ರಹಗತಿಯಿಂದಲ್ಲ ಎಂದು ಯಾವ ದೂತಾವಾಸದ ಅಧಿಕಾರಿಗೆ ವಿವರಿಸುವುದು? ಆಸ್ಪತ್ರೆಯಲ್ಲಿ ಹುಟ್ಟಿ ನೋಂದಣಿಯಾದವರ ಕಥೆ ಬೇರೆ. ಎಂಬತ್ತರ ದಶಕದ ಪ್ರಮಾಣಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಬಹಳಷ್ಟು ಸಲ ಖಾಲಿ ಇರುತ್ತದೆ, ಏಕೆಂದರೆ ನೋಂದಣಿ ನಡೆದದ್ದು ನಾಮಕರಣಕ್ಕೆ ಮೊದಲು. ಆಮೇಲೆ ಹೆಸರು ಸೇರಿಸಲು ಕಾನೂನಿನಲ್ಲಿ ಅವಕಾಶವಿದ್ದರೂ ನಿಯಮಗಳು ಅದಕ್ಕೆ ಹದಿನೈದು ವರ್ಷಗಳ ಮಿತಿ ಹಾಕಿವೆ. ನಲವತ್ತರ ಹೊಸ್ತಿಲಲ್ಲಿರುವ, ಟೊರಾಂಟೊದಲ್ಲಿ ಮನೆ ಮಾಡಿರುವ ಇಂಜಿನಿಯರ್ ನಮ್ಮ ದಾಖಲೆಯಲ್ಲಿ ಇಂದಿಗೂ ‘ಗಂಡು ಮಗು’ ಆಗಿಯೇ ಉಳಿದಿರುತ್ತಾನೆ.

ಪಾಸ್‌ಪೋರ್ಟ್ ಪಡೆಯುವಾಗಲೇ ಇದೆಲ್ಲ ಸರಿಯಾಗಿರಬೇಕಿತ್ತಲ್ಲ ಎಂದು ಓದುಗರು ಕೇಳಬಹುದು. ವಾಸ್ತವವಾಗಿ ಪಾಸ್‌ಪೋರ್ಟ್ ಸುಲಭವಾದದ್ದೇ ಈ ಕೊರತೆಯನ್ನು ಮರೆಮಾಡಿದೆ. 2016ರ ಡಿಸೆಂಬರ್‌ನಲ್ಲಿ ವಿದೇಶಾಂಗ ಸಚಿವಾಲಯವು ನಿಯಮ ಸಡಿಲಿಸಿ, ಜನ್ಮ ದಿನಾಂಕಕ್ಕೆ ಶಾಲಾ ದಾಖಲೆ, ಪ್ಯಾನ್, ಆಧಾರ್, ಚಾಲನಾ ಪರವಾನಗಿ ಮುಂತಾದ ಯಾವುದಾದರೊಂದು ಸಾಕೆಂದಿತು. ವಿವಾಹ ಪ್ರಮಾಣಪತ್ರದ ಅಗತ್ಯವನ್ನೂ ಕೈಬಿಟ್ಟಿತು. ಅದು ಜನರಿಗೆ ನಿಜಕ್ಕೂ ಅನುಕೂಲ ಮಾಡಿದ ಕ್ರಮ. ಆದರೆ ಅದರಿಂದಾಗಿ, ಕೈಯಲ್ಲಿ ಪಾಸ್‌ಪೋರ್ಟ್ ಇದ್ದ ಮೇಲೆ ಕಾಗದಪತ್ರವೆಲ್ಲ ಸರಿಯಿದೆ ಎಂದು ನಂಬಿದ ಕುಟುಂಬಕ್ಕೆ ಮೂಲ ದಾಖಲೆ ಇಲ್ಲವೆಂದು ಗೊತ್ತಾಗುವುದು ವೀಸಾ ಅರ್ಜಿ ತುಂಬುವ ದಿನವೇ. ಆಗ ಅವರು ನಾಡಕಚೇರಿಗೆ ಓಡಿ ವಂಶವೃಕ್ಷ ಮಾಡಿಸುತ್ತಾರೆ. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆ ನಡೆಯುವ ಆ ಕಾಗದವು ಜನನ ಪ್ರಮಾಣಪತ್ರದ ಜಾಗದಲ್ಲಿ ನಿಲ್ಲುವಂಥದ್ದಲ್ಲ.

ಹೆಸರಿನ ವಿಚಾರ ಇನ್ನೂ ಗೋಜಲು. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್ ಆಗಿ ಮುಂದೆ ನಿಂತು, ಕೊನೆಗೆ ವ್ಯಕ್ತಿಯ ಹೆಸರು ಬರುವುದು ರೂಢಿ. ಮಗನ ಜನನ ದಾಖಲೆಯಲ್ಲಿ ಬರೀ ನಾಗರಾಜ ಎಂದಿರುವ ತಂದೆ ಆಧಾರ್‌ನಲ್ಲಿ ಎಚ್. ಎಸ್. ನಾಗರಾಜ್, ಪಾಸ್‌ಪೋರ್ಟಿನಲ್ಲಿ ಹೊಸಹಳ್ಳಿ ಸುಬ್ಬರಾವ್ ನಾಗರಾಜ. ತಾಯಿ ಒಂದು ಕಡೆ ಸಾವಿತ್ರಿ, ಇನ್ನೊಂದು ಕಡೆ ಸಾವಿತ್ರಮ್ಮ. ಮನೆತನದ ಹೆಸರಿನ ಅಂಕಣವನ್ನು ಖಾಲಿ ಬಿಟ್ಟವರ ಪಾಡು ಬೇರೆಯೇ: 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಸಂಸ್ಥಾನವು ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಭೇಟಿ ವೀಸಾ ಇಲ್ಲವೆಂದಾಗ ನಮ್ಮ ಜನ ಎಷ್ಟು ಗಾಬರಿಯಾದರೆಂಬುದು ನೆನಪಿರಬಹುದು. ಸಾವಿತ್ರಿ, ಸಾವಿತ್ರಮ್ಮ ಇಬ್ಬರೂ ಒಬ್ಬರೇ ಎಂದು ನಮಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ದೂರದ ಕಚೇರಿಯಲ್ಲಿ ಕುಳಿತು ಕಡತ ನೋಡುವವರಿಗೆ ಗೊತ್ತಾಗಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಇಂಥ ಕಡೆ ನೋಟರಿಯ ಮುಂದೆ ಮಾಡಿದ ಅಫಿಡವಿಟ್ ಒಂದನ್ನು ಲಗತ್ತಿಸಿ ಕೈತೊಳೆದುಕೊಳ್ಳುವುದು ಚಾಳಿಯಾಗಿದೆ. ಅದು ಅರ್ಜಿದಾರರು ತಾವೇ ತಮ್ಮ ಬಗ್ಗೆ ಹೇಳಿಕೊಂಡ ಮಾತು ಮಾತ್ರ. ಮೂಲ ದಾಖಲೆ ತಿದ್ದುಪಡಿಯಾದಂತೆ ಆಗುವುದಿಲ್ಲ.

ತಿದ್ದುಪಡಿಗೆ ಕಾನೂನಿನಲ್ಲಿ ದಾರಿ ಇಲ್ಲವೇ ಎಂದರೆ, ಇದೆ. ಜನನ ಮರಣ ನೋಂದಣಿ ಕಾಯ್ದೆಯ ಸೆಕ್ಷನ್ 15ರ ಪ್ರಕಾರ ನಮೂದು ತಪ್ಪಾಗಿದೆಯೆಂದು ಮನವರಿಕೆಯಾದರೆ ರಿಜಿಸ್ಟ್ರಾರರೇ ಮೂಲ ಬರಹವನ್ನು ಅಳಿಸದೆ ಅಂಚಿನಲ್ಲಿ ತಿದ್ದುಪಡಿ ಬರೆದು ಸಹಿ ಹಾಕಬಹುದು. ಹೀಗಿದ್ದೂ ‘ಕೋರ್ಟಿನಿಂದ ಆದೇಶ ತನ್ನಿ’ ಎಂದು ಹೇಳಿ ಕಳುಹಿಸುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಸಹಿ ಹಾಕಿದರೆ ನಾಳೆ ಯಾರು ಏನು ಕೇಳುತ್ತಾರೋ ಎಂಬ ಅಂಜಿಕೆ ಅದರ ಹಿಂದಿದೆ. ಇಲಾಖೆಯಲ್ಲಿದ್ದವನಾದ್ದರಿಂದ ಆ ಅಂಜಿಕೆ ನನಗೆ ಅರ್ಥವಾಗುತ್ತದೆ, ಆದರೂ ಅದು ಸಬೂಬೇ. ಒಂದು ವರ್ಷ ಮೀರಿದ ಜನನವನ್ನು ಹೊಸದಾಗಿ ನೋಂದಾಯಿಸಲು ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ಆದೇಶ ಬೇಕಿತ್ತು. 2023ರ ತಿದ್ದುಪಡಿ ಆ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ನೀಡಿದೆ. ಈ ಬದಲಾವಣೆಯ ಬಗ್ಗೆ ಹಳ್ಳಿಗಳಲ್ಲಿ ತಿಳಿವಳಿಕೆ ಮೂಡಿಸುವ ಕೆಲಸ ನಡೆದಿಲ್ಲ.

ಮದುವೆಯ ನೋಂದಣಿ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎಲ್ಲ ಮದುವೆಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ಸುಪ್ರೀಂ ಕೋರ್ಟ್ 2006ರಲ್ಲೇ ಹೇಳಿದೆ. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಮತ್ತು ಫೋಟೊ ಆಲ್ಬಂ ಹಿಡಿದು ಬರುವವರು ಇನ್ನೂ ಇದ್ದಾರೆ.

ದಾಖಲೆ ಸಿಕ್ಕಿದ ಮೇಲೆ ದೃಢೀಕರಣದ ಸರದಿ. ಒಂದು ದೇಶದ ಸರ್ಕಾರಿ ದಾಖಲೆಯನ್ನು ಇನ್ನೊಂದು ದೇಶ ಸುಲಭವಾಗಿ ಒಪ್ಪಿಕೊಳ್ಳಲೆಂದು ಆಗಿರುವ ಹೇಗ್ ಒಪ್ಪಂದವು 2005ರಲ್ಲಿ ಭಾರತಕ್ಕೆ ಅನ್ವಯವಾದಾಗಿನಿಂದ, ರಾಜ್ಯ ಸರ್ಕಾರದ ಗೊತ್ತುಪಡಿಸಿದ ಅಧಿಕಾರಿಯ ದೃಢೀಕರಣದ ನಂತರ ವಿದೇಶಾಂಗ ಸಚಿವಾಲಯ ಹಚ್ಚುವ ಅಪೊಸ್ಟಿಲ್ ಚೀಟಿಗೆ ಬಹಳಷ್ಟು ದೇಶಗಳಲ್ಲಿ ಮಾನ್ಯತೆ ಇದೆ. ಇದಕ್ಕೆ ಸಚಿವಾಲಯದ ಶುಲ್ಕ ದಾಖಲೆಯೊಂದಕ್ಕೆ 50 ರೂಪಾಯಿ, ಜೊತೆಗೆ ಅರ್ಜಿ ಸ್ವೀಕರಿಸುವ ಏಜೆನ್ಸಿಯ ಸಣ್ಣ ಸೇವಾ ಶುಲ್ಕ. ಮಧ್ಯವರ್ತಿಗಳು ಕೇಳುವುದು ಸಾವಿರಗಳ ಲೆಕ್ಕದಲ್ಲಿ. ದಾರಿ ಗೊತ್ತಿಲ್ಲದವರು ಕೊಡುತ್ತಾರೆ. ಭಾರತದ ಸೇರ್ಪಡೆಗೆ ಜರ್ಮನಿ ಆಕ್ಷೇಪ ಎತ್ತಿದ್ದರಿಂದ ಆ ದೇಶದ ಮಟ್ಟಿಗೆ ಅಪೊಸ್ಟಿಲ್ ನಡೆಯುವುದಿಲ್ಲ ಎಂಬುದನ್ನೂ ತಿಳಿಸದೆ ಹಣ ಪಡೆಯುವ ದಲ್ಲಾಳಿಗಳಿದ್ದಾರೆ. ಅನುಮಾನ ಬಂದರೆ ಜರ್ಮನಿಯವರು ತಾವೇ ಊರಿಗೆ ಕಳುಹಿಸಿ ದಾಖಲೆಯ ಪರಿಶೀಲನೆ ಮಾಡಿಸುತ್ತಾರೆ, ಅರ್ಜಿದಾರರ ಖರ್ಚಿನಲ್ಲಿ.

ಒಂದು ಕಾಗದ ತಡವಾದರೆ ಉಳಿದವೂ ಕೆಡುತ್ತವೆ. ಪಾಸ್‌ಪೋರ್ಟ್ ಕಚೇರಿಯಿಂದ 500 ರೂಪಾಯಿ ಕಟ್ಟಿ ಪಡೆದ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಹಳತಾಗುತ್ತದೆ, ವೈದ್ಯಕೀಯ ತಪಾಸಣೆಯ ಅವಧಿ ಮುಗಿಯುತ್ತದೆ, ವಿಮೆಯ ದಿನಾಂಕ ಬದಲಿಸಬೇಕಾಗುತ್ತದೆ. ಹಾಗೆಂದು ಅರೆಬರೆ ದಾಖಲೆಗಳೊಂದಿಗೆ ಅರ್ಜಿ ಹಾಕಿ ನೋಡೋಣವೆನ್ನುವ ಕಾಲವೂ ಹೋಯಿತು. ವೀಸಾ ನಿರಾಕರಣೆಯನ್ನು ಮರುಪರಿಶೀಲಿಸುವಂತೆ ದೂತಾವಾಸಕ್ಕೇ ಮನವಿ ಸಲ್ಲಿಸುವ ಪದ್ಧತಿಯನ್ನು ಜರ್ಮನಿ 2025ರ ಜುಲೈ 1ರಿಂದ ರದ್ದುಪಡಿಸಿದೆ. ಇನ್ನು ಮುಂದೆ ಹೊಸ ಅರ್ಜಿ ಹಾಕಬೇಕು ಅಥವಾ ಬರ್ಲಿನ್‌ನ ಆಡಳಿತ ನ್ಯಾಯಾಲಯಕ್ಕೆ ಹೋಗಬೇಕು. ಹಾಸನದ ಒಂದು ಕುಟುಂಬ ‘ಸಾವಿತ್ರಮ್ಮ’ನ ಹೆಸರಿನ ಸಲುವಾಗಿ ಬರ್ಲಿನ್‌ಗೆ ವಕೀಲರನ್ನು ಇಡುವುದು ಆಗುಹೋಗುವ ಮಾತಲ್ಲ.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಇದರಲ್ಲಿ ಹೆಚ್ಚಿನದನ್ನು ಸರಿಪಡಿಸಬಹುದು. ‘ಭೂ ಸುರಕ್ಷಾ’ ಯೋಜನೆಯಡಿ ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಲ್ಲಿರುವ ಜಮೀನಿನ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆಯುತ್ತಿರುವುದು ಮೆಚ್ಚಬೇಕಾದದ್ದು. ಯಂತ್ರ, ಸಿಬ್ಬಂದಿ ಎಲ್ಲ ಬಂದಿರುವಾಗಲೇ ಹುಳ ಹಿಡಿಯುತ್ತಿರುವ ಹಳೆಯ ಜನನ ಮರಣ ರಿಜಿಸ್ಟರುಗಳನ್ನೂ ಅದಕ್ಕೆ ಸೇರಿಸಿ, ಇ-ಜನ್ಮ ತಂತ್ರಾಂಶದಲ್ಲಿ ಹುಡುಕಲು ಸಿಗುವಂತೆ ಮಾಡಬೇಕು. ಕನ್ನಡದಲ್ಲಿ ಮಾತ್ರ ಇರುವ ಹಳೆಯ ನಮೂದುಗಳಿಗೆ ಎರಡು ಭಾಷೆಯ ಪ್ರಮಾಣಪತ್ರವನ್ನು ಕಚೇರಿಯೇ ಕೊಡಬೇಕು. ಖಾಸಗಿ ಅನುವಾದಕರು ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ಬರೆದು ಹೊಸ ವ್ಯತ್ಯಾಸ ಹುಟ್ಟಿಸುವುದು ಅದರಿಂದ ತಪ್ಪುತ್ತದೆ. ಹಳೆಯ ದಾಖಲೆಯ ಶೋಧ, ಸಿಗದಿದ್ದರೆ ‘ಲಭ್ಯವಿಲ್ಲ’ ಎಂಬ ಪ್ರಮಾಣಪತ್ರ, ಹೆಸರಿನ ತಿದ್ದುಪಡಿ, ರಾಜ್ಯ ಮಟ್ಟದ ದೃಢೀಕರಣ ಇವೆಲ್ಲವೂ 2011ರ ಸಕಾಲ ಕಾಯ್ದೆಯಡಿ ನಿಗದಿತ ದಿನಗಳಲ್ಲಿ ಮುಗಿಯುವಂತಾಗಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಬೇಕು. ಇವುಗಳಲ್ಲಿ ಮೊದಲು ಆಗಬೇಕಾದದ್ದು, ಖರ್ಚೇ ಇಲ್ಲದ್ದು, ಸೆಕ್ಷನ್ 15ರ ಅಧಿಕಾರವನ್ನು ಇನಿಷಿಯಲ್ ಮತ್ತು ಕಾಗುಣಿತದ ವ್ಯತ್ಯಾಸಗಳಿಗೆ ಧೈರ್ಯವಾಗಿ ಬಳಸುವಂತೆ, ಯಾವ ಯಾವ ಆಧಾರ ಸಾಕೆಂಬುದನ್ನು ಹೆಸರಿಸಿ, ಎಲ್ಲ ರಿಜಿಸ್ಟ್ರಾರರಿಗೆ ಸುತ್ತೋಲೆ ಹೊರಡಿಸುವುದು. ಜನನ ಮರಣಗಳ ಮುಖ್ಯ ನೋಂದಣಾಧಿಕಾರಿಗಳು ಈ ಬಗ್ಗೆ ಕ್ರಮ ಕೈಗೊಳ್ಳಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

— ನಿವೃತ್ತ ಶಿರಸ್ತೇದಾರ, ಹಾಸನ